ಮುಳ್ಳಯ್ಯನಗಿರಿಯ ಎಡದಂಡೆ

ಫೆಬ್ರವರಿ ೩೦, ೨೧೮೭
ಕೈಮರ, ಮುಳ್ಳಯ್ಯನಗಿರಿಯ ಬುಡ

ಕ್ರೀಡಾಪುಟದ ಅ. ಗು. ಅವರಿಗೆ ಸುಗಲಾ ಇಂಗಳಗಿಯ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಪತ್ರವನ್ನು ಬದಿಗಿಡಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಕಡಿಮೆ ಬಿದ್ದಿದ್ದ ದಿನಗಳನ್ನು ನಮ್ಮವರು ತುಂಬಿಕೊಟ್ಟು ಎಂಬತ್ತು ವರ್ಷವಾಯಿತು. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ನಿಂತಿರುತ್ತವೆ, ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದವರ ಹಾಗೆ ಬರೆಯಬೇಕೆಂದು ನಿಮ್ಮದೇ ಹಳೆಯ ಲೇಖನವೊಂದರ ನಕಲನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಆದರೂ ನೂರ ಅರವತ್ತು ವರ್ಷಗಳ ಅಂತರವನ್ನು ಒಂದು ಲೇಖನದಿಂದ ಮುಚ್ಚಲಾಗುವುದಿಲ್ಲ.

ನಾನು ಮುನ್ನೋಟಗಾರ್ತಿ. ಅಂದರೆ ಸೈಕಲ್ ಪಂದ್ಯಕ್ಕೆ ಮೊದಲು, ಯಾರು ಗೆಲ್ಲಬಹುದು, ಎಲ್ಲಿ ಏಕಾಏಕಿ ಮುನ್ನುಗ್ಗಬಹುದು, ಯಾರು ಯಾರ ಹಿಂದೆ ಅಡಗಬಹುದು ಎಂದು ಹೇಳುವವಳು. ನಿನ್ನೆಯವರೆಗೆ ಆಗಿದ್ದೆ ಎನ್ನಬೇಕು. ನಿನ್ನೆ ಮಧ್ಯಾಹ್ನ ಕೆಲಸ ಬಿಟ್ಟೆ. ನಮ್ಮಲ್ಲಿ ಒಂದು ರೂಢಿಯಿದೆ: ಬದುಕಿಡೀ ಮುಂದಿನದನ್ನು ಹೇಳಿದವರು ಕೆಲಸ ಬಿಡುವಾಗ ಒಂದು ಸಲ ಹಿಂದಕ್ಕೆ ಬರೆಯಬೇಕು. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಸತ್ತುಹೋದ, ಇದೇ ಕಸುಬಿನ ಯಾರಿಗಾದರೂ ಬರೆಯಬಹುದು. ಅದು ಹೇಗೆ ನಿಮ್ಮನ್ನು ಮುಟ್ಟುತ್ತದೆಂದು ನನ್ನನ್ನು ಕೇಳಬೇಡಿ. ಚಿಕ್ಕಮಗಳೂರಿನ ಅಂಚೆಮನೆಯಲ್ಲಿ ಅದಕ್ಕೊಂದು ಬೇರೆ ಪೆಟ್ಟಿಗೆ ಇದೆ, ಹಾಕಿ ಬರುತ್ತೇವೆ, ಅಷ್ಟೇ.

ನಿಮ್ಮನ್ನು ಆರಿಸಿದ್ದು ಗೌರವದಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿನಿಂದ ಆರಿಸಿದೆ. ನಮ್ಮ ವಿಜಯಪುರದ ಸೈಕಲ್ ವಾಚನಾಲಯದಲ್ಲಿ ನಿಮ್ಮ ಆ ಲೇಖನವನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. ದೂರದ ಯಾವುದೋ ಹಿಮಬೆಟ್ಟದ ಪಂದ್ಯದ ಬಗ್ಗೆ ನೀವು ಕುರ್ಚಿಯ ಮೇಲೆ ಕೂತು ಬರೆದದ್ದು. ಒಬ್ಬನಿಗೆ ಐದು ನಕ್ಷತ್ರ, ಇಬ್ಬರಿಗೆ ನಾಲ್ಕು, ಆಮೇಲೆ ‘ಮೋಡ ಕವಿದರೆ ಕಥೆಯೇ ಬೇರೆ’ ಎಂದು ಒಂದು ಸಾಲು, ಕೊನೆಗೆ ‘ಯಾರು ಬೇಕಾದರೂ ಗೆಲ್ಲಬಹುದು’. ನಿಮ್ಮ ಐದು ನಕ್ಷತ್ರದವನು ಮೂವತ್ತೊಂದನೆಯವನಾಗಿ ಬಂದನಂತೆ. ಮರುದಿನ ನೀವು ಏನೂ ಆಗಿಲ್ಲವೆಂಬಂತೆ ಮುಂದಿನ ಬೆಟ್ಟಕ್ಕೆ ಮತ್ತೆ ನಕ್ಷತ್ರ ಹಂಚಿದಿರಿ! ನಿಮ್ಮ ಮಾತು ಆ ಸವಾರರ ಕಿವಿಗೆ ಬೀಳಲಿಲ್ಲ, ಬಿದ್ದಿದ್ದರೂ ಅವರಿಗೆ ಕನ್ನಡ ಬರುತ್ತಿರಲಿಲ್ಲ. ನೀವು ತಪ್ಪು ಹೇಳಿದರೂ, ಸರಿ ಹೇಳಿದರೂ ಬೆಟ್ಟದ ಮೇಲೆ ಒಂದು ಚಕ್ರವೂ ಆಚೀಚೆ ಆಗಲಿಲ್ಲ. ಎಂಥ ಪುಣ್ಯವಂತರು ನೀವು! ಇಪ್ಪತ್ತೆರಡು ವರ್ಷ ಆ ಗಾಜಿನ ಮುಂದೆ ನಿಂತು ಹೊಟ್ಟೆ ಉರಿಸಿಕೊಂಡಿದ್ದೇನೆ.

ನಮ್ಮ ಕಾಲದಲ್ಲಿ ಹಾಗಿಲ್ಲ. ನಡುವೆ ನಲವತ್ತು ವರ್ಷ ಮುನ್ನೋಟದ ಕೆಲಸವನ್ನು ಯಂತ್ರಗಳು ಮಾಡಿದವು. ಸವಾರರ ಉಸಿರು, ರಕ್ತ, ನಿದ್ದೆ ಎಲ್ಲವನ್ನೂ ಅಳೆದು ನೂರಕ್ಕೆ ತೊಂಬತ್ತೇಳು ಸಲ ಸರಿ ಹೇಳಿದವು. ಜನ ಬೆಟ್ಟಕ್ಕೆ ಬರುವುದನ್ನೇ ಬಿಟ್ಟರು. ಗೆಲ್ಲುವವರು ಗೊತ್ತಿದ್ದ ಮೇಲೆ ಬಿಸಿಲಲ್ಲಿ ನಿಲ್ಲುವುದೇಕೆ? ಆಗ ಪಂದ್ಯ ನಡೆಸುವ ಸಂಘದವರು ಯಂತ್ರಗಳನ್ನು ಹೊರಗಟ್ಟಿ, ಮನುಷ್ಯರನ್ನು ಕೂರಿಸಿ, ಮೂರು ಕಟ್ಟಳೆ ಮಾಡಿದರು. ಮುನ್ನೋಟ ಹೇಳುವವರು ಪಂದ್ಯದ ಹಿಂದಿನ ದಿನ ಅದೇ ಬೆಟ್ಟವನ್ನು ತಾವೇ ಸೈಕಲ್ ತುಳಿದು ಏರಿರಬೇಕು. ಏರುವಾಗ ಕಂಡದ್ದನ್ನು ಬಚ್ಚಿಡದೆ ಬರೆಯಬೇಕು. ಬರೆದದ್ದನ್ನು ಪಂದ್ಯ ಶುರುವಾಗುವ ಜಾಗದಲ್ಲಿ ಎಲ್ಲ ಸವಾರರ ಮುಂದೆ ಗಟ್ಟಿಯಾಗಿ ಓದಬೇಕು. ಹಾಗಾಗಿ ನಾವು ‘ಇಂಥವಳು ಇಂಥ ತಿರುವಿನಲ್ಲಿ ಗುಂಪು ಬಿಟ್ಟು ಹೊರಡುತ್ತಾಳೆ’ ಎಂದರೆ, ಆ ತಿರುವಿನಲ್ಲಿ ಅವಳ ಹಿಂದಿನ ಚಕ್ರಕ್ಕೆ ಹತ್ತು ಜನ ಅಂಟಿಕೊಂಡಿರುತ್ತಾರೆ. ನಾವು ಸರಿಯಾಗಿ ಹೇಳಿದಷ್ಟೂ ನಮ್ಮ ಮಾತು ಸುಳ್ಳಾಗುವ ಸಂಭವ ಹೆಚ್ಚು. ನಾವು ಹೆಸರಿಸಿದವರಿಗೆ ಅದು ಆಶೀರ್ವಾದವೂ ಹೌದು, ಶಾಪವೂ ಹೌದು.

ನನಗೀಗ ಅರವತ್ತೊಂದು. ಬೆಟ್ಟ ಏರುವುದು ಕಷ್ಟವೇನಲ್ಲ, ನಮ್ಮಲ್ಲಿ ಎಲ್ಲರೂ ಎಲ್ಲದಕ್ಕೂ ಸೈಕಲ್ಲನ್ನೇ ತುಳಿಯುತ್ತಾರೆ. ಘಾಟಿಗಳಲ್ಲಿ ಮೋಟಾರು ಓಡಾಟ ನಿಂತು ನನ್ನ ಅಜ್ಜಿಯ ಕಾಲವಾಯಿತು. ಸಾಮಾನು ಸರಂಜಾಮು ಹಗ್ಗದ ತೊಟ್ಟಿಲುಗಳಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಸಾಗುತ್ತದೆ, ಅವಸರವಿದ್ದವರೂ ಅದನ್ನೇ ಹತ್ತುತ್ತಾರೆ. ಚಾರ್ಮಾಡಿಯ ರಸ್ತೆಗೆ ತೆಂಗಿನ ನಾರು ಬೆರೆಸಿದ ಹಾಸು ಹಾಕಿದ್ದಾರೆ, ಬಿಸಿಲಿಗೆ ಮೆತ್ತಗಾಗಿ ಚಕ್ರವನ್ನು ಹಿಡಿದೆಳೆಯುತ್ತದೆ, ಅದನ್ನು ಬೈಯದ ಸವಾರಳಿಲ್ಲ. ಆದರೆ ಕೆಲವು ಬದಲಾಗಿಲ್ಲ. ವಿಜಯಪುರದ ಹುಡುಗಿಯರು ಇವತ್ತಿಗೂ ಬೆನ್ನಿನ ಜೇಬಿನಲ್ಲಿ ಕರದಂಟಿನ ತುಂಡು, ನಾಲ್ಕಾಗಿ ಮಡಿಸಿದ ಶೇಂಗಾ ಹೋಳಿಗೆ ಇಟ್ಟುಕೊಂಡೇ ಪಂದ್ಯಕ್ಕೆ ಇಳಿಯುತ್ತಾರೆ. ಬೇರೆ ತಂಡದವರು ಏನೇನೋ ರಸ ಹೀರುತ್ತಾರೆ, ನಮ್ಮವರು ಅಗಿಯುತ್ತಾರೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮುನ್ನೋಟಗಾರ್ತಿಯಾಗುವ ಮೊದಲು ನಾನೂ ಸವಾರಳಾಗಿದ್ದೆ. ಆದರೆ ನನ್ನ ಹೆಸರು ಯಾವ ಗೆಲುವಿನ ಫಲಕದಲ್ಲೂ ಸಿಗುವುದಿಲ್ಲ. ನಾನು ಗಾಳಿಮರೆ. ತಂಡದ ಮುಂದಾಳುವಿನ ಮುಂದೆ ಸೈಕಲ್ ತುಳಿದು, ಎದುರುಗಾಳಿಯನ್ನೆಲ್ಲ ತನ್ನ ಎದೆಗೆ ತೆಗೆದುಕೊಂಡು, ಹಿಂದಿರುವವಳ ಕಾಲಿನ ಕಸುವು ಉಳಿಸುವವಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ನಾನು ಒಂಬತ್ತು ವರ್ಷ ರುಕ್ಮಾಬಾಯಿ ತೆಲಸಂಗಳ ಗಾಳಿಮರೆಯಾಗಿದ್ದೆ. ನಾವಿಬ್ಬರೂ ಒಂದೇ ಓಣಿಯವರು, ಒಂದೇ ವಯಸ್ಸಿನವರು, ಪಂದ್ಯಗಳ ಊರಿನಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು. ಮುಂದಾಳು ಬಾಯಿಬಿಟ್ಟು ‘ಹೋಗು’ ಎಂದರೆ ಮಾತ್ರ ಗಾಳಿಮರೆ ತನ್ನ ಪಾಲಿಗೆ ತಾನು ಗೆಲ್ಲಲು ಹೋಗಬಹುದು. ಅದು ಬರೆದಿಟ್ಟ ಕಾನೂನಲ್ಲ, ಆದರೆ ಮೀರಿದವಳನ್ನು ಮತ್ತೆ ಯಾವ ತಂಡವೂ ಸೇರಿಸಿಕೊಳ್ಳುವುದಿಲ್ಲ. ಒಂಬತ್ತು ವರ್ಷದಲ್ಲಿ ರುಕ್ಮಾ ಒಂದು ಸಲವೂ ಆ ಮಾತು ಹೇಳಲಿಲ್ಲ.

ಮುಳ್ಳಯ್ಯನಗಿರಿಯ ಏರಿನಲ್ಲಿ ಒಂದು ಜಾಗವಿದೆ. ಸೀತಾಳಯ್ಯನಗಿರಿ ದಾಟಿದ ಮೇಲೆ ರಸ್ತೆ ಶಿಖರಕ್ಕಿಂತ ಮೊದಲಿನ ಒಂದು ಬೋಳು ನೆತ್ತಿಗೆ ಬಂದು, ಗಾಳಿ ಮುಖಕ್ಕೆ ಹೊಡೆಯುತ್ತದೆ. ಅಲ್ಲಿ ಮುಂದೆ ಹೋದವಳು ಕೆಟ್ಟಳು ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ಎಲ್ಲರೂ ಒಬ್ಬರ ಹಿಂದೊಬ್ಬರು ಅವಿತು, ಕೊನೆಯ ತಿರುವುಗಳಿಗಾಗಿ ಕಾಯುತ್ತಾರೆ. ಆದರೆ ಅಲ್ಲೇ, ಎಡಗಡೆ ಗುಡ್ಡದ ಒಂದು ಮೂಲೆ ಹೊರಕ್ಕೆ ಚಾಚಿಕೊಂಡಿದೆ. ಗುಡ್ಡಕ್ಕೆ ತೋಳು ತಾಗುವಷ್ಟು ಒತ್ತಿಕೊಂಡು ಹೋದರೆ ಮುನ್ನೂರು ಮೀಟರ್ ಉದ್ದಕ್ಕೂ ಗಾಳಿಯೇ ಇಲ್ಲ. ಒಂದು ಸೈಕಲ್ಲಿಗೆ ಮಾತ್ರ ಜಾಗ, ಪಕ್ಕದಿಂದ ದಾಟಲಾಗದು. ಮೊದಲು ನುಗ್ಗಿದವಳು ಉಳಿದವರು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಇದನ್ನು ಕಂಡುಹಿಡಿದು ಎಡದಂಡೆ ಎಂದು ಕರೆದದ್ದು ನಾನು. ಗಾಳಿ ತಿನ್ನುವುದೇ ಕೆಲಸವಾಗಿದ್ದವಳಿಗೆ ಗಾಳಿ ಎಲ್ಲಿಲ್ಲ ಎಂಬುದೂ ತಿಳಿಯುತ್ತದೆ. ಕಂಡುಹಿಡಿದ ಸಂಜೆ, ಪೆದ್ದು ಬುದ್ಧಿಯವಳು, ಕೋಣೆಯಲ್ಲಿ ರುಕ್ಮಾಳಿಗೆ ಹೇಳಿದೆ. ‘ನಾಳೆ ಒಂದು ಸಲ ನನ್ನನ್ನು ಬಿಡು’ ಎಂದು ಕೇಳುವ ಆಸೆಯಿತ್ತು. ಕೇಳಲಿಲ್ಲ, ಅವಳೇ ಹೇಳಲಿ ಎಂದು ಕಾದೆ. ಮರುದಿನ ಅವಳೇ ಎಡದಂಡೆಗೆ ನುಗ್ಗಿದಳು, ಐವತ್ತು ಸೆಕೆಂಡಿನಿಂದ ಗೆದ್ದಳು. ಪತ್ರಿಕೆಯವರು ಅವಳ ಕಾಲಿನ ಶಕ್ತಿಯನ್ನು ಹೊಗಳಿದರು. ಅದು ೨೧೫೬ರ ಮಾತು. ಅಂದಿನಿಂದ ನನ್ನ ಹೊಟ್ಟೆಯೊಳಗೆ ಕೆಂಡವೊಂದು ಆರದೆ ಕೂತಿದೆ.

ಆಮೇಲೆ ಅವಳು ತರಬೇತುದಾರಳಾದಳು, ನಾನು ಮುನ್ನೋಟಕ್ಕೆ ಬಂದೆ. ಎಡದಂಡೆಯ ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ಸಂಘದವರು ಪಂದ್ಯವನ್ನು ಬೇರೆ ಬೇರೆ ಬೆಟ್ಟಗಳಿಗೆ ಒಯ್ದದ್ದರಿಂದ ಮೂವತ್ತೊಂದು ವರ್ಷ ಅದರ ಮಾತೇ ಬರಲಿಲ್ಲ. ಈ ವರ್ಷ ಮುಳ್ಳಯ್ಯನಗಿರಿ ಮತ್ತೆ ಬಂತು. ರುಕ್ಮಾಳ ಶಿಷ್ಯೆ ದಾನೇಶ್ವರಿ ಹಂಚಿನಾಳ ಎಲ್ಲರಿಗಿಂತ ಬಲಶಾಲಿ. ಅವಳು ಗೆದ್ದರೆ ಗುರುವೂ ಶಿಷ್ಯೆಯೂ ಒಂದೇ ಬೆಟ್ಟ ಗೆದ್ದ ಮೊದಲ ಜೋಡಿಯಾಗುತ್ತಿದ್ದರು. ಶಿಖರದ ಮೇಲೆ ಇಬ್ಬರ ಹೆಸರನ್ನೂ ಕಲ್ಲಿನಲ್ಲಿ ಕೊರೆಯಿಸಲು ಸಂಘ ಸಿದ್ಧವಾಗಿತ್ತು. ನಾನು ಕಂಡುಹಿಡಿದ ಜಾಗದಿಂದ ಅವಳಿಗೆ ಎರಡನೆಯ ಸಲ ಹೆಸರು! ಅದಾಗಬಾರದು ಎಂಬುದೊಂದೇ ನನ್ನ ಆಸೆಯಾಗಿತ್ತು. ಅದನ್ನು ಬೇರೆ ಬಣ್ಣ ಹಚ್ಚಿ ನಿಮಗೆ ಹೇಳುವುದಿಲ್ಲ.

ಮೊನ್ನೆಯ ಹಿಂದಿನ ದಿನ, ಕಟ್ಟಳೆಯಂತೆ, ಬೆಟ್ಟ ಏರಿದೆ. ಹುಲ್ಲು ಒಣಗಿ ಹಳದಿಯಾಗಿತ್ತು. ಗಾಳಿ ಹಳೆಯ ದಿಕ್ಕಿನಲ್ಲೇ ಬೀಸುತ್ತಿತ್ತು. ಸೀತಾಳಯ್ಯನಗಿರಿಯ ಮೇಲೆ ರುಕ್ಮಾ ನಿಂತು ದಾನೇಶ್ವರಿಗೆ ಬೆರಳು ಚಾಚಿ ಎಡಗಡೆಯ ಗುಡ್ಡ ತೋರಿಸುತ್ತಿದ್ದಳು. ನನ್ನನ್ನು ಕಂಡು ಕೈ ಕೆಳಗಿಳಿಸಿದಳು. ‘ಆರಾಮ ಅದೀಯೇನವಾ?’ ಎಂದು ಕೇಳಿದಳು. ‘ಆರಾಮ’ ಎಂದೆ. ಇಬ್ಬರೂ ನಕ್ಕೆವು. ದಾನೇಶ್ವರಿಯ ಹಿಂದೆ ಅವಳ ಗಾಳಿಮರೆ, ಸಪೂರ ಹುಡುಗಿ ಜೈತುನ್ ನದಾಫ, ಇಬ್ಬರ ನೀರಿನ ಬಾಟಲಿಗಳನ್ನೂ ಹಿಡಿದು ನಿಂತಿದ್ದಳು. ನಾನು ಅವಳತ್ತ ಸರಿಯಾಗಿ ನೋಡಲಿಲ್ಲ.

ಕೈಮರಕ್ಕೆ ಇಳಿದು ಬರೆಯಲು ಕೂತೆ. ಐದು ಹೆಸರು ಬರೆಯಬೇಕು. ಕೊಡಗಿನ ಬೊಳ್ಳಮ್ಮ ಚಾರ್ಮಾಡಿಯಲ್ಲೇ ಆಟ ಶುರುಮಾಡಿ ಎದುರಾಳಿಗಳ ಗಾಳಿಮರೆಗಳನ್ನು ಸುಸ್ತು ಮಾಡುತ್ತಾಳೆ, ಆದರೆ ಚಿಕ್ಕಮಗಳೂರು ದಾಟಿದ ಮೇಲೆ ಅವಳಿಗೇ ಕಾಲು ಹಿಡಿಯುತ್ತದೆ ಎಂದು ಬರೆದೆ. ಸ್ಪಿತಿಯ ಡೋಲ್ಮಾ ಕೈಮರದವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ, ಏರು ಕಡಿದಾದಷ್ಟೂ ಮುಂದೆ ಬರುತ್ತಾಳೆ, ಕೊನೆಯ ತಿರುವುಗಳಲ್ಲಿ ಅವಳು ಜೊತೆಗಿದ್ದರೆ ಉಳಿದವರ ಕಥೆ ಮುಗಿಯಿತು ಎಂದು ಬರೆದೆ. ಇನ್ನಿಬ್ಬರಿಗೆ ಎರಡೆರಡು ಸಾಲು ಕೊಟ್ಟೆ. ಆಮೇಲೆ ದಾನೇಶ್ವರಿ. ಅವಳು ಕೊನೆಯ ತಿರುವುಗಳಿಗೆ ಕಾಯುವುದಿಲ್ಲ ಎಂದು ಬರೆದೆ. ಬೋಳು ನೆತ್ತಿಯಲ್ಲಿ, ಎಲ್ಲರೂ ಗಾಳಿಗೆ ಹೆದರಿ ಅವಿತಿರುವಾಗ, ಎಡದಂಡೆಗೆ ತೋಳು ತಾಗಿಸಿ ನುಗ್ಗುತ್ತಾಳೆ, ಅಲ್ಲಿ ಮುನ್ನೂರು ಮೀಟರ್ ಗಾಳಿಯಿಲ್ಲ ಎಂದು ಜಾಗದ ಗುರುತಿನ ಸಮೇತ ಬರೆದೆ. ಪ್ರತಿ ಅಕ್ಷರವೂ ಸತ್ಯ. ಬಚ್ಚಿಡಬಾರದು ಎಂದು ಕಟ್ಟಳೆಯೇ ಇದೆಯಲ್ಲ! ಪ್ರಾಮಾಣಿಕತೆ ಅಷ್ಟು ರುಚಿಯಾಗಿರುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮೊನ್ನೆ ಬೆಳಿಗ್ಗೆ, ಪಂದ್ಯ ಶುರುವಾಗುವ ಉಜಿರೆಯಲ್ಲಿ, ಎಂಬತ್ತು ಸವಾರರ ಮುಂದೆ, ಅದನ್ನು ಓದಿದೆ. ಎಡದಂಡೆಯ ಸಾಲು ಬಂದಾಗ ದಾನೇಶ್ವರಿ ತಲೆಯೆತ್ತಿ ಗುರುವನ್ನು ನೋಡಿದಳು. ರುಕ್ಮಾ ನನ್ನನ್ನು ನೋಡಿದಳು, ಸಿಟ್ಟಿನಿಂದಲ್ಲ. ಮರೆತುಹೋದ ಲೆಕ್ಕವೊಂದು ನೆನಪಾದವರ ಹಾಗೆ ನೋಡಿದಳು. ನಾನು ಓದು ಮುಗಿಸಿ, ಕಾಗದ ಮಡಿಸಿ, ಹಗ್ಗದ ತೊಟ್ಟಿಲು ಹತ್ತಿ, ಸವಾರರಿಗಿಂತ ಮೊದಲೇ ಬೋಳು ನೆತ್ತಿ ಸೇರಿಕೊಂಡೆ. ತರಬೇತುದಾರರು ಏರಿನ ಉದ್ದಕ್ಕೂ ಒಂದೇ ಒಂದು ಜಾಗದಲ್ಲಿ ನಿಂತು ಕೂಗಿ ಹೇಳಬಹುದು. ರುಕ್ಮಾ ಆರಿಸಿಕೊಂಡಿದ್ದು ನನ್ನಿಂದ ಹತ್ತು ಹೆಜ್ಜೆ ದೂರದ ತಿರುವನ್ನು.

ಪಂದ್ಯ ನಾನು ಬರೆದ ಹಾಗೆಯೇ ನಡೆದು ಬಂತು. ಬೊಳ್ಳಮ್ಮ ಚಾರ್ಮಾಡಿಯಲ್ಲಿ ಬಾಲ ಬಿಚ್ಚಿದಳು, ಚಿಕ್ಕಮಗಳೂರಿನಲ್ಲಿ ಸೋತಳು. ಡೋಲ್ಮಾ ಕೈಮರದಲ್ಲಿ ಎಲ್ಲಿಂದಲೋ ಪ್ರತ್ಯಕ್ಷಳಾದಳು. ಸೀತಾಳಯ್ಯನಗಿರಿಗೆ ಹದಿನಾಲ್ಕು ಜನ ಉಳಿದರು. ಜೈತುನ್ ಗಾಳಿಗೆ ಎದೆಗೊಟ್ಟು ಮುಂದೆ, ಅವಳ ಬೆನ್ನಿಗೆ ದಾನೇಶ್ವರಿ, ಅವಳ ಸುತ್ತ ಉಳಿದವರು ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ. ಬೋಳು ನೆತ್ತಿ ಹತ್ತಿರವಾದಂತೆ ಎಲ್ಲರೂ ಎಡಕ್ಕೆ ಒತ್ತತೊಡಗಿದರು. ಎಡದಂಡೆಯ ಬಾಯಲ್ಲಿ ಹನ್ನೆರಡು ಸೈಕಲ್ಲುಗಳು ಒಂದರ ಮೇಲೊಂದು ತಿಕ್ಕಾಡಿ, ದಾನೇಶ್ವರಿ ಗುಡ್ಡಕ್ಕೂ ಡೋಲ್ಮಾಗೂ ನಡುವೆ ಸಿಕ್ಕಿಬಿದ್ದು, ಕಾಲೂರಬೇಕಾಯಿತು. ನನ್ನ ಆಸೆ ಕೈಗೂಡಿತ್ತು. ಎದೆ ಹಗುರಾಯಿತು. ನಿಮ್ಮೆದುರು ಏಕೆ ಮುಚ್ಚಿಡಲಿ, ಒಳಗೊಳಗೇ ಚಪ್ಪಾಳೆ ತಟ್ಟಿದೆ.

ಆಗ ರುಕ್ಮಾ ಕೂಗಿದಳು. ಅರವತ್ತೊಂದರಲ್ಲೂ ಆ ಗಂಟಲು ಹಾಗೇ ಇದೆ.

‘ಜೈತುನ್! ಬಲಕ್ಕ ಹೋಗ! ಹಿಂದ ನೋಡಬ್ಯಾಡ, ಇವತ್ತ ನೀನ ಹೋಗು!’

ಹುಡುಗಿಗೆ ಅರ್ಥವಾಗಲಿಲ್ಲ. ಮುಖ ತಿರುಗಿಸಿ, ತನಗೇ ಹೇಳಿದ್ದೇ ಎನ್ನುವಂತೆ ನೋಡಿದಳು.

‘ನಿನಗ ಹೇಳಾಕತ್ತೀನಿ! ಹೋಗಂದ್ರ ಹೋಗು!’

ಅವಳು ಹೋದಳು. ಬಲಗಡೆ ಬಟಾಬಯಲು, ಪೂರ್ತಿ ಗಾಳಿ. ಗುಟ್ಟು ಗೊತ್ತಾದ ಮೇಲೆ ಆ ಕಡೆ ಯಾರೂ ಇರಲಿಲ್ಲ. ದಿನವೂ ಗಾಳಿ ತಿಂದ ಹುಡುಗಿಗೆ ಅಲ್ಲಿ ಹೊಸದೇನಿತ್ತು? ತಲೆ ತಗ್ಗಿಸಿ, ಮೊಣಕೈ ಮಡಚಿ, ಒಂದೇ ಲಯದಲ್ಲಿ ತುಳಿಯುತ್ತಾ ಹೋದಳು. ಆ ಹನ್ನೆರಡು ಸೈಕಲ್ಲುಗಳು ಬಿಡಿಸಿಕೊಳ್ಳುವಷ್ಟರಲ್ಲಿ ಅವಳು ಕೊನೆಯ ತಿರುವುಗಳಲ್ಲಿದ್ದಳು. ಡೋಲ್ಮಾ ಬೆನ್ನಟ್ಟಿದಳು, ಹನ್ನೊಂದು ಸೆಕೆಂಡು ಕಡಿಮೆ ಬಿತ್ತು.

ನನ್ನ ಐದು ಹೆಸರಿನಲ್ಲಿ ಜೈತುನ್ ಇರಲಿಲ್ಲ. ಈಗ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಇಪ್ಪತ್ತೆರಡು ವರ್ಷಗಳ ನನ್ನ ಮುನ್ನೋಟಗಳಲ್ಲಿ ಒಬ್ಬಳೇ ಒಬ್ಬಳು ಗಾಳಿಮರೆಯ ಹೆಸರಿಲ್ಲ. ಒಂಬತ್ತು ವರ್ಷ ಗಾಳಿಮರೆಯಾಗಿದ್ದ ನಾನೇ ಅವರನ್ನು ಗೆಲ್ಲುವವರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೆ ಬೆಟ್ಟದ ಮೇಲೆ ಆ ಕ್ಷಣ ನನ್ನನ್ನು ಸುಟ್ಟದ್ದು ಈ ತಪ್ಪಲ್ಲ, ಕಲ್ಲಿನ ಮೇಲೆ ರುಕ್ಮಾಳ ಪಕ್ಕ ಈಗ ಈ ಶಿಷ್ಯೆಯ ಹೆಸರು ಬರುತ್ತದೆಂಬುದೂ ಅಲ್ಲ. ‘ಹೋಗು’ ಎಂಬ ಆ ಮಾತು. ನಾನು ಒಂಬತ್ತು ವರ್ಷ ಕಿವಿ ನಿಮಿರಿಸಿ ಕಾದ ಮಾತು, ಅದೇ ಗಂಟಲಿನಿಂದ, ಎರಡೆರಡು ಸಲ, ಇನ್ನೂ ಇಪ್ಪತ್ತು ತುಂಬದ ಬೇರೊಬ್ಬಳಿಗೆ ಸಿಕ್ಕಿತು. ಅದನ್ನು ಕೊಡಿಸಿದವಳು ನಾನೇ. ರುಕ್ಮಾಳ ಮೇಲಿನ ಹೊಟ್ಟೆಕಿಚ್ಚು ಹತ್ತು ಹೆಜ್ಜೆ ಹಾರಿ ಆ ಹುಡುಗಿಯ ಮೇಲೆ ಕೂತಿತು. ಅವಳು ಮೇಲೆ ಅಳುತ್ತಾ ನಗುತ್ತಾ ನಿಂತಿದ್ದಾಗ ಎಲ್ಲರೂ ಬೆನ್ನು ತಟ್ಟಿದರು. ನಾನು ಹೋಗಲಿಲ್ಲ.

ನಿನ್ನೆ ಮಧ್ಯಾಹ್ನ ಸಂಘಕ್ಕೆ ರಾಜೀನಾಮೆ ಕೊಟ್ಟು ಕೈಮರದ ಚಹಾದಂಗಡಿಯಲ್ಲಿ ಕೂತಿದ್ದೆ. ರುಕ್ಮಾ ಬಂದು ಎದುರಿಗೆ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಉತ್ತರ ಸಿದ್ಧವಿತ್ತು, ಮೂವತ್ತೊಂದು ವರ್ಷದಿಂದ ಸಾಣೆ ಹಿಡಿದಿದ್ದೆ. ಅವಳು ಚಹಾ ಹೇಳಿ, ಬಸಿಯಲ್ಲಿ ಸುರಿದುಕೊಂಡು, ಆರಿಸುತ್ತಾ ಹೇಳಿದಳು: ‘ನೀ ಎಲ್ಲಾರ ಮುಂದ ಓದಿದ್ದು ಛಲೋ ಆತು ಬಿಡವಾ. ಇಲ್ಲಾಂದ್ರ ನಾ ಆ ಹುಡುಗೀನ ಎಂದೂ ಬಿಡ್ತಿರಲಿಲ್ಲ.’

ನನಗೆ ತಡೆಯಲಾಗಲಿಲ್ಲ. ‘ನನ್ನ ಯಾಕ ಬಿಡಲಿಲ್ಲ? ಆವತ್ತ ಒಂದ ಸಲ?’ ಎಂದು ಕೇಳಿಬಿಟ್ಟೆ. ಪಕ್ಕದ ಬೆಂಚಿನವರು ತಿರುಗಿ ನೋಡಿದರು.

ಅವಳು ಯೋಚಿಸಲೂ ಇಲ್ಲ. ‘ಬಿಟ್ಟಿದ್ರ ನೀ ಗೆಲ್ತಿದ್ದಿ, ಅದಕ್ಕ ಬಿಡಲಿಲ್ಲ. ನಿನ್ನ ಕಾಲು ನನ್ನ ಕಾಲಿಗಿಂತ ಗಟ್ಟಿ ಇದ್ವು. ದಿನಾ ನಿನ್ನ ಬೆನ್ನು ನೋಡಿ ನೋಡಿ ಹೊಟ್ಟಿ ಉರಿತಿತ್ತು ನನಗ.’ ಇಷ್ಟು ಹೇಳಿ, ಬಸಿಯ ಚಹಾ ಮುಗಿಸಿ, ನನ್ನ ಕೈ ಒಂದು ಸಲ ಹಿಡಿದು, ಎದ್ದು ಹೋದಳು.

ಆ ಮಾತಿನಿಂದ ನನ್ನೊಳಗಿನ ಕೆಂಡ ಆರಿತು ಎಂದು ಬರೆಯಬಹುದಿತ್ತು. ಅರ್ಧ ಗಂಟೆ ಆರಿಯೂ ಇತ್ತು. ನಾನೇ ಗಟ್ಟಿ ಎಂದು ಅವಳ ಬಾಯಿಂದಲೇ ಕೇಳಿ ಕಣ್ಣು ತುಂಬಿ ಬಂತು. ಆಮೇಲೆ ಹೊಳೆಯಿತು: ಎಡದಂಡೆಯನ್ನು ಏಕೆ ಬರೆದೆನೆಂದು ನಾನು ಅವಳಿಗೆ ಹೇಳಲಿಲ್ಲ. ಅವಳು ತನ್ನದನ್ನು ಚಹಾ ಕುಡಿದಷ್ಟು ಸಲೀಸಾಗಿ ಹೇಳಿ ಹೋದಳು. ಹೊಟ್ಟೆಕಿಚ್ಚನ್ನು ಒಪ್ಪಿಕೊಳ್ಳುವುದರಲ್ಲೂ ಅವಳೇ ಮೊದಲು, ನಾನು ಅವಳ ಹಿಂದೆ. ನಾಳೆ ಹೋಗಿ ಹೇಳಬಹುದು. ಹೇಳುತ್ತೇನೆ ಕೂಡ. ಆದರೆ ಅದು ಎರಡನೆಯದಾಗುತ್ತದೆ.

ಅದಕ್ಕೇ, ಅ. ಗು. ಅವರೇ, ನನ್ನದೊಂದು ಬೇಡಿಕೆ. ಈ ಓಲೆ ನಿಮ್ಮ ಕೈ ಸೇರಿದ ದಿನ, ದಯವಿಟ್ಟು ಇದರ ತಲೆಯ ಮೇಲೆ ನಿಮ್ಮ ಕಾಲದ ತಾರೀಖು ಹಾಕಿ, ಕೆಳಗೆ ನಿಮ್ಮ ಸಹಿ ಮಾಡಿ ಇಡಿ. ಆಗ ನಾನು ಅವಳಿಗಿಂತ ನೂರ ಅರವತ್ತು ವರ್ಷ ಮೊದಲೇ ಒಪ್ಪಿಕೊಂಡಂತಾಗುತ್ತದೆ.

ನಿಮ್ಮ,
ಸುಗಲಾ ಇಂಗಳಗಿ